ಬರೆಯಲಾಗಲಿಲ್ಲ ಎಂದು ಹೇಳಿದ್ದೆ

ನಾನು ಒಂದು ಹಾರ್ಡ್ ಡಿಸ್ಕ್. ಕಂಪ್ಯೂಟರಿನ ಹೊಟ್ಟೆಯಲ್ಲಿ ಕೂತು, ಕೊಟ್ಟದ್ದನ್ನು ಬರೆದಿಟ್ಟುಕೊಂಡು, ಕೇಳಿದಾಗ ತೆಗೆದುಕೊಡುವುದು ನನ್ನ ಕೆಲಸ. ಹುಟ್ಟಿದ್ದು ಕಡಲಾಚೆ, ಧೂಳಿನ ಕಣವೂ ಸುಳಿಯದ ಕೋಣೆಯಲ್ಲಿ. ನನ್ನನ್ನು ಜೋಡಿಸಿದವರು ಕಣ್ಣೆರಡು ಬಿಟ್ಟು ಮೈಯೆಲ್ಲ ಮುಚ್ಚಿಕೊಂಡಿದ್ದರು. ಅಷ್ಟು ಮಡಿಯಲ್ಲಿ ಹುಟ್ಟಿ ಬಂದು ಬಿದ್ದದ್ದೆಲ್ಲಿಗೆ? ಹುಬ್ಬಳ್ಳಿಯ ಧೂಳಿಗೆ! ನಗಬೇಡಿ, ಊರು ನನಗೆ ಹಿಡಿಸಿತು.

ಅಲ್ಲಿನ ಆಸ್ಪತ್ರೆಯೊಂದರಲ್ಲಿ ಜುಲೇಖಾ ಮೇಡಂ ಮಾತಿನ ಚಿಕಿತ್ಸೆ ಕೊಡುತ್ತಿದ್ದರು. ಕ್ಯಾನ್ಸರ್ ಆಗಿ ಧ್ವನಿಪೆಟ್ಟಿಗೆಯನ್ನೇ ತೆಗೆಸಿಕೊಳ್ಳಬೇಕಾದವರು ಮೊದಲು ಇವರ ಬಳಿ ಬಂದು, ದಿನಬಳಕೆಯ ಮಾತುಗಳನ್ನು ರೆಕಾರ್ಡರಿಗೆ ಹೇಳಿಹೋಗುತ್ತಿದ್ದರು. ಅವನ್ನೆಲ್ಲ ನಾನು ಬರೆದಿಟ್ಟುಕೊಳ್ಳುತ್ತಿದ್ದೆ. ಆಮೇಲೆ ಮೇಡಂ ಅವನ್ನು ಅಂಗೈಯಗಲದ ಯಂತ್ರಕ್ಕೆ ತುಂಬಿ ಕೊಡುತ್ತಿದ್ದರು. ಗುಂಡಿ ಒತ್ತಿದರೆ ಆ ಮನುಷ್ಯನದೇ ಹಳೆಯ ದನಿ.

ಮೇಡಂಗೆ ಒಂದು ಶಿಸ್ತಿತ್ತು. ಪರದೆಯ ಮೇಲೆ ‘ಉಳಿಸಲಾಗಿದೆ’ ಎಂದು ಬಂದದ್ದೇ ತಡ, ರೆಕಾರ್ಡರನ್ನು ಅಳಿಸಿಬಿಡುತ್ತಿದ್ದರು. ಒಬ್ಬರ ಮನೆಮಾತು ಇನ್ನೊಬ್ಬರ ಕಿವಿಗೆ ಬೀಳಬಾರದು ಎಂಬ ಮರ್ಯಾದೆ ಅದು. ಆದರೆ ಆ ‘ಉಳಿಸಲಾಗಿದೆ’ ನನ್ನ ಮಾತಾಗಿರಲಿಲ್ಲ. ನನಗೂ ಪರದೆಗೂ ನಡುವೆ ಫೈಲ್ ಸಿಸ್ಟಂ ಎಂಬ ಮಧ್ಯಸ್ಥನಿದ್ದಾನೆ. ಯಾವುದನ್ನು ಎಲ್ಲಿ ಬರೆಯಬೇಕೆಂದು ನನಗೆ ಹೇಳುವವನೂ ಅವನೇ, ನನ್ನ ಉತ್ತರವನ್ನು ಮೇಲಕ್ಕೆ ಮುಟ್ಟಿಸಬೇಕಾದವನೂ ಅವನೇ.

ಒಂದು ದಿನ ನವಲಗುಂದದ ಕಡೆಯಿಂದ ಫಕೀರಪ್ಪ ಎಂಬ ನಿವೃತ್ತ ಡ್ರಿಲ್ ಮಾಸ್ತರರು ಬಂದರು. ಮಾರನೆಯ ದಿನವೇ ಶಸ್ತ್ರಚಿಕಿತ್ಸೆ. ನೀರು ಕೊಡು, ಚಹಾ ಇಡು, ಬಾಗಿಲು ಹಾಕು ಎಂದು ಒಂದೊಂದನ್ನೇ ಒಡೆದ ದನಿಯಲ್ಲಿ ಹೇಳಿದರು. ಕೊನೆಗೆ ಹೆಂಡತಿ ಕಾಶವ್ವನವರನ್ನು ಹೊರಗೆ ಕೂರಿಸಿ ಬಂದು, ಇನ್ನೊಂದು ಉಳಿದಿದೆ ಎಂದರು.

“ಆಕಿನ್ನ ಹೆಸರು ಹಿಡದು ಒಮ್ಮಿನೂ ಕರದಿಲ್ರಿ ಬಾಯಾರ. ಮನ್ಯಾಗ ಹಿರ್‍ಯಾರು ಇರ್ತಿದ್ರು, ನಾಚಿಕಿ. ‘ಏ, ಬಾ ಇಲ್ಲೆ’ ಅಂತಿದ್ದೆ, ಅದ ರೂಢಿ ಆತು. ಈಗ ಕರದು ಇಡ್ತೀನಿ. ಆಕಿಗೆ ಹೇಳಬ್ಯಾಡ್ರಿ, ತಾನ ಕೇಳ್ಲಿ.”

ಕರೆದರು. ಆ ಕರೆ ನನ್ನ ಬಾಗಿಲವರೆಗೂ ಬಂತು. ಆದರೆ ಮಧ್ಯಸ್ಥ ತೋರಿಸಿದ ಜಾಗದಲ್ಲಿ ನಾನು ಬರೆದಿಡುವ ತಟ್ಟೆಯೇ ಸವೆದುಹೋಗಿತ್ತು, ವಯಸ್ಸಾಗಿತ್ತಲ್ಲ. ಮತ್ತೆ ಮತ್ತೆ ಪ್ರಯತ್ನಿಸಿದೆ. ಬರೆಯಲಾಗಲಿಲ್ಲ ಎಂದು ಸ್ಪಷ್ಟವಾಗಿಯೇ ಹೇಳಿದೆ. ಪರದೆಯ ಮೇಲೆ ‘ಉಳಿಸಲಾಗಿದೆ’ ಎಂದು ಬಂತು. ಮೇಡಂ ಎಂದಿನಂತೆ ರೆಕಾರ್ಡರನ್ನು ಅಳಿಸಿದರು. ಅಯ್ಯೋ, ಕೂಗಿ ಹೇಳಲು ನನಗೆಲ್ಲಿದೆ ಬಾಯಿ?

ಗಾಯ ಮಾಯ್ದ ಮೇಲೆ ಮಾಸ್ತರರ ಕೈಗೆ ಯಂತ್ರ ಬಂತು. ‘ಚಹಾ ಇಡು’ ಎಂದು ಅದು ಗದರಿದಾಗ ಕಾಶವ್ವ ನಕ್ಕು, ಕಣ್ಣೊರೆಸಿಕೊಂಡರಂತೆ. ಮಾಸ್ತರರು ಹೆಂಡತಿಯ ಮುಖವನ್ನೇ ನೋಡುತ್ತ ಕೊನೆಯ ಗುಂಡಿ ಒತ್ತಿದರು. ಏನೂ ಇಲ್ಲ. ಮತ್ತೆ ಒತ್ತಿದರು. ಫೈಲಿನ ಹೆಸರು, ಉದ್ದ ಎಲ್ಲ ಸರಿಯಾಗಿಯೇ ಇತ್ತು. ಒಳಗೆ ಬರೀ ಮೌನ.

ಮೇಡಂ ನನ್ನನ್ನು ಆಸ್ಪತ್ರೆಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಪದ್ಮರಾಜನ ಮೇಜಿಗೆ ತಂದು, ಆದದ್ದನ್ನೆಲ್ಲ ಹೇಳಿದರು. ಡಿಸ್ಕ್ ಕೆಟ್ಟಿದೆ, ಎಸೆದರಾಯಿತು ಎಂದ ಪುಣ್ಯಾತ್ಮ. ನನ್ನ ಮೈ ಉರಿಯಿತು. ಆದರೂ ಹುಡುಕಿದ. ಡಿಸ್ಕ್ ದೂರು ಕೊಟ್ಟಿತ್ತು ಎಂಬುದು ಅವನಿಗೆ ಕಂಡಿತು. ಕೊಟ್ಟ ದೂರು ಎಲ್ಲಿ ಹೋಯಿತು ಎಂದು ಫೈಲ್ ಸಿಸ್ಟಂನ ಪ್ರೋಗ್ರಾಂ ಸಾಲುಗಳನ್ನು ಒಂದೊಂದಾಗಿ ಓದುತ್ತ ಹೋದ. ಕೊನೆಗೂ ಸಿಕ್ಕಿತು. ನನ್ನ ಉತ್ತರ ಏನೇ ಇರಲಿ, ಅದನ್ನು ಅಲ್ಲೇ ನುಂಗಿ, ‘ಎಲ್ಲಾ ಸರಿ’ ಎಂದು ಮೇಲಕ್ಕೆ ಕಳಿಸುವ ಒಂದು ಸಾಲು. ಬರೆದವರಿಗೆ ಅವಸರವಿತ್ತೋ, ಡಿಸ್ಕ್ ಸೋಲುವುದಿಲ್ಲ ಎಂಬ ನಂಬಿಕೆಯೋ, ಯಾರಿಗೆ ಗೊತ್ತು.

ಅದನ್ನು ತಿದ್ದಿ, ನನ್ನ ಅದೇ ಸವೆದ ಜಾಗಕ್ಕೆ ಬೇಕೆಂದೇ ಏನೋ ಬರೆಯಲು ಕೊಟ್ಟ. ಆಗಲಿಲ್ಲ ಎಂದೆ. ಪರದೆಯ ಮೇಲೆ ‘ಉಳಿಸಲಾಗಲಿಲ್ಲ’ ಎಂದು ಬಂತು. ನನ್ನ ಮಾತು ಕೊನೆಗೂ ಮುಟ್ಟಿತು ಎಂಬ ಸಮಾಧಾನಕ್ಕಿಂತ, ಇದು ಅಂದೇ ಮುಟ್ಟಿದ್ದರೆ ಎಂಬ ಸಂಕಟವೇ ಹೆಚ್ಚಾಯಿತು. ರೆಕಾರ್ಡರಿನಲ್ಲಿ ಆ ಕರೆ ಇನ್ನೂ ಇತ್ತಲ್ಲ ಆಗ!

ಈಗ ನಾನು ಪರೀಕ್ಷೆಯ ಡಿಸ್ಕ್, ಅವನ ಮೇಜಿನ ಮೂಲೆಯಲ್ಲೇ ವಾಸ. ಸೋಲುವುದೇ ನನ್ನ ಉದ್ಯೋಗ.

ಮೊನ್ನೆ ಮಾಸ್ತರರು ತಪಾಸಣೆಗೆ ಬಂದಾಗ, ಮೇಡಂ ಗಂಡಹೆಂಡತಿಯನ್ನು ಇಲ್ಲಿಗೇ ಕರೆತಂದರು. ಇನ್ನು ಯಾರಿಗೂ ಹೀಗಾಗದು ಎಂದು ಪದ್ಮರಾಜ ತಲೆ ತಗ್ಗಿಸಿ ವಿವರಿಸಿದ. ಕಾಶವ್ವ ಎಲ್ಲ ಕೇಳಿಸಿಕೊಂಡು, ಆ ಖಾಲಿ ಗುಂಡಿಯಲ್ಲಿ ಇದ್ದದ್ದಾದರೂ ಏನು, ಕೇಳಿದರೆ ಇವರು ಬರೇ ಕೈಯಾಡಿಸುತ್ತಾರೆ ಎಂದರು. ಮೇಡಂ ಮಾಸ್ತರರತ್ತ ನೋಡಿದರು. ಅವರು ಹೇಳಿ ಎಂಬಂತೆ ತಲೆಯಾಡಿಸಿದರು.

“ನಿಮ್ಮ ಹೆಸರ್ರಿ. ಕಾಶವ್ವಾ ಅಂತ ಕರದಿದ್ರು.”

ಕಾಶವ್ವ ಸೆರಗು ಎಳೆದುಕೊಂಡು ಗಂಡನತ್ತ ತಿರುಗಿದರು.

“ಹೆಂಗ ಕರದಿದ್ರಿ? ದೂರ ನಿಂತು ಕರದಂಗೋ, ಬಾಜೂಕ ಕುಂತು ಕರದಂಗೋ?”

ಅದನ್ನು ಹೇಳಬೇಕಾದದ್ದು ನಾನು. ನನ್ನಲ್ಲಿ ಅದಿಲ್ಲ.

ಆಗ ಮಾಸ್ತರರು ಕುರ್ಚಿಯನ್ನು ಹೆಂಡತಿಯ ಹತ್ತಿರಕ್ಕೆ ಎಳೆದುಕೊಂಡರು. ತುಟಿಗಳು ನಿಧಾನವಾಗಿ ಆ ಹೆಸರನ್ನು ಆಡಿದವು. ದನಿ ಬರಲಿಲ್ಲ.

ಕಾಶವ್ವ “ಓ” ಎಂದರು.