ಹೆಬ್ಬೆರಳಿನ ತೂಕ

ನನ್ನ ಮುಳ್ಳಿನ ಮೇಲಾಣೆ, ನನ್ನ ಮೇಲೆ ಮುದುಡಿ ಮಲಗಿದ ಬೆಕ್ಕೇ, ಹೇಳುವುದರಲ್ಲಿ ಒಂದು ಗುಂಜಿಯಷ್ಟೂ ಸುಳ್ಳಿಲ್ಲ. ನಾನು ಒಂದು ತೂಕದ ಯಂತ್ರ. ಕೊಯಮತ್ತೂರಿನ ಕಾರ್ಖಾನೆಯೊಂದರಲ್ಲಿ ಹುಟ್ಟಿದೆ. ಮೊದಲು ಬಸ್‌ಸ್ಟ್ಯಾಂಡಿನಲ್ಲಿದ್ದೆ. ಅಲ್ಲೊಬ್ಬ ಪುಢಾರಿ ಹತ್ತಿದಾಗ ಮುಳ್ಳು ಎರಡು ಸುತ್ತು ಸುತ್ತಿ, ಅವನ ಹಿಂದಿನ ಜನ್ಮದ ತೂಕವನ್ನೂ ಸೇರಿಸಿ ತೋರಿಸಿತು. ನಂಬದಿದ್ದರೆ ಬಿಡು.

ಆಮೇಲೆ ಹುಬ್ಬಳ್ಳಿಯ ಒಂದು ಕ್ಯಾನ್ಸರ್ ಆಸ್ಪತ್ರೆಗೆ ಬಂದೆ. ಅಲ್ಲಿ ನನಗೆ ಹೆಚ್ಚಾಗಿ ಕಾಣುತ್ತಿದ್ದದ್ದು ಕಾಲುಗಳೇ. ಸುಲೋಚನಾ ಸಿಸ್ಟರ್ ರೋಗಿಯ ಎತ್ತರ ಅಳೆದು, ತೂಕ ನನ್ನನ್ನು ಕೇಳಿ, ಲೆಕ್ಕ ಹಾಕುವರು: ಈ ಮೈಯ ಚರ್ಮ ಹಾಸಿದರೆ ಎಷ್ಟು ಚದರ ಮೀಟರ್? ಅಷ್ಟಕ್ಕೆ ತಕ್ಕಷ್ಟೇ ಮದ್ದು ಸಲೈನಿನಲ್ಲಿ ಇಳಿಯುವುದು. ಹೆಚ್ಚಾದರೆ ಆ ಮದ್ದೇ ವಿಷ.

ಮದುವೆ ಬ್ಯಾಂಡಿನಲ್ಲಿ ಡ್ರಮ್ ಬಾರಿಸುವ ದ್ಯಾಮಣ್ಣ, ಹೆಂಡತಿ ಕಲ್ಲವ್ವನ ಜೊತೆ ಬರುತ್ತಿದ್ದ. ನನ್ನ ಮೇಲೆ ನಿಂತರೂ ಅವನ ಹಿಮ್ಮಡಿ ತಾಳ ಹಾಕುತ್ತಿತ್ತು, ಮುಳ್ಳು ಕುಣಿಯುತ್ತಿತ್ತು.

"ದ್ಯಾಮಣ್ಣಾರ, ಸುಮ್ನ ನಿಂದರ್ರೀ! ಇದೇನ್ ಬೀಗರ ಮೆರವಣಿಗೀನ?"

"ನೀವು ಕುಣೀರಿ ಸಿಸ್ಟರ್, ನಾ ಬಾರಸ್ತೀನಿ."

ತೂಕ ಇಳಿಯುತ್ತ ಬಂತು. "ಇನ್ನೂ ಇಳದ್ರ ಮದ್ದು ನಿಲ್ಲಸ್ಬೇಕಾಕ್ಕೈತಿ," ಎಂದರು ಡಾಕ್ಟರು. ಮುಂದಿನ ಸಲ ಕಲ್ಲವ್ವ ಗಂಡನ ಬೆನ್ನಿಗೆ ಒತ್ತಿ ನಿಂತು, ಸೀರೆಯ ನೆರಿಗೆಯ ಮರೆಯಲ್ಲಿ ತನ್ನ ಕಾಲಿನ ಹೆಬ್ಬೆರಳನ್ನು ಮೆಲ್ಲಗೆ ನನ್ನ ಅಂಚಿನ ಮೇಲೆ ಊರಿದಳು. ಮುಳ್ಳು ಏರಿತು.

"ಅಡ್ಡಿಲ್ಲ, ಮೈ ತುಂಬಾಕತ್ತೈತಿ," ಎಂದರು ಸಿಸ್ಟರ್.

ಕಲ್ಲವ್ವ ಖುಷಿಯಿಂದ ಗಂಡನ ಚಪ್ಪಲಿ ಜೋಡಿಸಿಟ್ಟಳು. ದ್ಯಾಮಣ್ಣನಿಗೆ ಇಲ್ಲದ ಚರ್ಮಕ್ಕೂ ಸೇರಿಸಿ ಆವತ್ತು ಮದ್ದು ಇಳಿಯಿತೆಂದು ಪಾಪ, ಅವಳಿಗೇನು ಗೊತ್ತು? ಅವನ ಬಾಯೆಲ್ಲ ಹುಣ್ಣಾಯಿತು. ಹಿಮ್ಮಡಿ ತಾಳ ಮರೆಯಿತು.

ಮತ್ತೆ ಬಂದಾಗ ಮತ್ತೆ ಹೆಬ್ಬೆರಳು. ನಾನು ಸ್ಪ್ರಿಂಗನ್ನು ಬಿಗಿಹಿಡಿದು ತಡೆಯಲು ನೋಡಿದೆ; ಆಗಲಿಲ್ಲ. ದ್ಯಾಮಣ್ಣ ಹಿಂದಕ್ಕೆ ತಿರುಗದೆಯೇ ಹೇಳಿದ:

"ಕಾಲ ತಗೀ, ಕಲ್ಲವ್ವಾ. ನಂದ ಎಷ್ಟೈತಿ ಅಷ್ಟ ಇರ್ಲಿ."

"ಮದ್ದು ನಿಲ್ಲಸ್ತಾರಲ್ರೀ..."

"ನಿಲ್ಲಸ್ಲಿ. ಮನೀಗೆ ಹೋಗೂಣು."

ಹೆಬ್ಬೆರಳು ಇಳಿಯಿತು. ಮುಳ್ಳೂ ಇಳಿಯಿತು. ಸಿಸ್ಟರ್ ಆ ದಿನ ಯಾವ ಲೆಕ್ಕವನ್ನೂ ಹಾಕಲಿಲ್ಲ.

ತಿಂಗಳಾದ ಮೇಲೆ, ಉಳಿದ ನೋವಿನ ಮಾತ್ರೆಗಳನ್ನು ವಾಪಸು ಕೊಡಲು ಕಲ್ಲವ್ವ ಒಬ್ಬಳೇ ಬಂದಳು. ಹೋಗುವಾಗ, ಯಾರೂ ಹೇಳದೆಯೇ, ನನ್ನ ಮೇಲೆ ಹತ್ತಿ ನಿಂತಳು. ಆ ಭಾರಕ್ಕೇ ನನ್ನ ಸ್ಪ್ರಿಂಗ್ ಮುರಿದದ್ದು, ನಾನು ಈ ಗುಜರಿ ಅಂಗಡಿಗೆ ಬಿದ್ದದ್ದು. ತುಕ್ಕು ಹಿಡಿದು ಮುರಿಯಿತು ಅನ್ನುತ್ತಾರೆ, ಶುದ್ಧ ಸುಳ್ಳು. ಅವಳು ಎಷ್ಟು ತೂಗಿದಳು ಅಂದರೆ, ದ್ಯಾಮಣ್ಣ ಬದುಕಿದ್ದಾಗ ಇಬ್ಬರೂ ಸೇರಿ ನಿಂತಿದ್ದರೂ—

ಏ ಬೆಕ್ಕೇ, ಎದ್ದು ಎಲ್ಲಿಗೆ...