ಅವಳಿಗಳ ಗೆಣಸು

ಶೈಲಜಾ ಸುಳ್ಳು ಹೇಳುವ ಹೆಂಗಸಲ್ಲ. ಆಯುಷ್ಯದಲ್ಲಿ ಹೇಳಿದ್ದು ಒಂದೇ ದೊಡ್ಡ ಸುಳ್ಳು. ಆದರೆ ಅದನ್ನು ಮೂರು ವರ್ಷ ಉಣ್ಣಿಸಿ, ಉಡಿಸಿ, ಮಗುವಿನ ಹಾಗೆ ಸಾಕಿದಳು.

ಅದು ಹುಟ್ಟಿದ್ದು ಎಂಬತ್ಮೂರರ ಬೇಸಿಗೆಯಲ್ಲಿ, ಕಡಲಾಚೆಯ ಸನ್ನಿವೇಲ್‌ನ ಅಪಾರ್ಟ್‌ಮೆಂಟಿಗೆ ಮನೆ ಬದಲಾಯಿಸಿದ ದಿನ. ಎದುರು ಮನೆಯ ಡೇಡೇ ಡಬ್ಬ ಬಿಚ್ಚಲು ತಾನಾಗಿ ಬಂದಿದ್ದಳು. ಘಾನಾ ದೇಶದ ಅಕ್ರಾ ಊರಿನವಳು, ಗಾ ಎಂಬ ಜನದವಳು, ಕೆಲಸದಲ್ಲಿ ನರ್ಸು. ಒಂದು ಡಬ್ಬದ ತಳದಲ್ಲಿ ಅವಳ ಕೈಗೆ ಎರಡು ಜೊತೆ ಬೆಳ್ಳಿ ಕಾಲ್ಗೆಜ್ಜೆ, ಒಂದೇ ಅಳತೆಯ ಎರಡು ಕೆಂಪು ಫ್ರಾಕು ಸಿಕ್ಕವು. "ಅವಳಿಗಳು!" ಎಂದು ಚಪ್ಪಾಳೆ ತಟ್ಟಿದಳು. ಅವಳ ಜನರಲ್ಲಿ ಅವಳಿ ಮಕ್ಕಳೆಂದರೆ ದೇವರೇ ಮನೆಗೆ ಬಂದಂತೆ. "ಇನ್ನೊಂದೆಲ್ಲಿ?"

ಇನ್ನೊಂದು ಇರಲಿಲ್ಲ. ಅಲ್ಲೇ ಆಡುತ್ತಿದ್ದ ಮಗಳು ಇಂದುವಿಗಿಂತ ಒಂಬತ್ತು ನಿಮಿಷ ದೊಡ್ಡವಳಾದ ಬಿಂದು, ಎಂಟು ತಿಂಗಳಾಗಿದ್ದಾಗ ಒಂದು ಬೆಳಿಗ್ಗೆ ತೊಟ್ಟಿಲಿನಿಂದ ಏಳಲೇ ಇಲ್ಲ. ಡಾಕ್ಟರುಗಳು ಅದಕ್ಕೊಂದು ಹೆಸರು ಹೇಳಿದರು, ಕಾರಣ ಹೇಳಲಿಲ್ಲ. ಹೊಸ ಜಾಗದಲ್ಲಿ ಯಾರಿಗೂ ಹೇಳುವುದು ಬೇಡ ಎಂದು ಗಂಡ ವ್ಯಾಸರಾಜ ಮೊದಲೇ ತೀರ್ಮಾನಿಸಿದ್ದ. ಶೈಲಜಾಳ ಬಾಯಿಂದ ತಾನಾಗಿ ಬಂತು: "ಮೈಸೂರಲ್ಲಿ. ನಮ್ಮಮ್ಮನ ಹತ್ರ."

ಅನುಮಾನ ಪಡುವಂಥ ಮಾತೇ ಅಲ್ಲ ಅದು. ಆ ಕಟ್ಟಡದಲ್ಲೇ ಇಬ್ಬರು ಇಂಜಿನಿಯರುಗಳ ಹೆಂಡತಿಯರು ಕೂಸನ್ನು ತಾಯಿಯ ಮಡಿಲಿಗೆ ಹಾಕಿ ಬಂದಿದ್ದರು. ಡೇಡೇಯ ಹಿರಿಮಗನೂ ಅಕ್ರಾದಲ್ಲಿ ಅಜ್ಜಿಯ ಹತ್ತಿರವೇ ಇದ್ದ. ಅವಳು ಶೈಲಜಾಳನ್ನು ತಬ್ಬಿಕೊಂಡು, ಆ ಸಂಕಟ ತನಗೂ ಗೊತ್ತು ಎಂದಳು. ಪಾಪ, ಏನು ಗೊತ್ತಿತ್ತು ಅವಳಿಗೆ!

ಆಗಸ್ಟಿನಲ್ಲಿ ಡೇಡೇಯ ಮನೆಯಲ್ಲಿ ಹೋಮೋವೋ ಹಬ್ಬ. ಅಂದರೆ ಹಸಿವನ್ನು ಹಂಗಿಸುವ ಹಬ್ಬ. ಹಿಂದೆ ಯಾವಾಗಲೋ ಘೋರ ಬರ ಬಂದು ಹೋಗಿ, ಮೆಕ್ಕೆಜೋಳ ತೆನೆಗಟ್ಟಿದಾಗ ಅವರ ಹಿರಿಯರು ಹಸಿವನ್ನು ನೋಡಿ ಕೈತಟ್ಟಿ ನಕ್ಕರಂತೆ. ಹಬ್ಬಕ್ಕೆ ಒಂದು ತಿಂಗಳ ಮುಂಚಿನಿಂದ ಡೋಲು, ಗದ್ದಲ ಕೂಡದು. ಡೇಡೇ ತನ್ನ ಸ್ಟೀರಿಯೋದ ಪ್ಲಗ್ಗು ಕಿತ್ತು ಮೇಲೆ ಬಟ್ಟೆ ಹೊದಿಸುತ್ತಿದ್ದಳು. ಕೆಳಮನೆಯ ಮುದುಕ ಆ ತಿಂಗಳನ್ನೇ ಕಾಯುತ್ತಿದ್ದ. ಶುಕ್ರವಾರ ಅವಳಿಗಳ ದಿನ. ಶನಿವಾರ ಮೆಕ್ಕೆಜೋಳದ ಹಿಟ್ಟಿನ ಅಡುಗೆ. ಸತ್ತವರಿಗೆಂದು ಹೊಸ್ತಿಲ ಮೇಲೆ ಅದನ್ನೇ ಎರಚುವುದು. ಭಾನುವಾರ ಬೆಳಕು ಹರಿಯುವಾಗ ಆ ವರ್ಷ ತೀರಿಕೊಂಡವರ ಹೆಸರು ಹಿಡಿದು ಎಲ್ಲರೂ ಗಟ್ಟಿಯಾಗಿ ಅಳಬೇಕು. ಆಮೇಲೆ ಕಣ್ಣೊರೆಸಿಕೊಂಡು, ಇದ್ದವರೆಲ್ಲರ ಕೈ ಹಿಡಿದು ಬಾಳಿ ಬದುಕು ಎನ್ನಬೇಕು. ವರ್ಷದ ಜಗಳವೆಲ್ಲ ಅಲ್ಲಿಗೆ ಮುಗಿಯಬೇಕು.

ಅವಳಿಗಳ ಶುಕ್ರವಾರ ಡೇಡೇ ತೋಳಿನಷ್ಟು ದಪ್ಪದ ಬಿಳಿ ಗೆಣಸನ್ನು ಬೇಯಿಸಿ, ಹಿಸುಕಿ, ಕೆಂಪು ತಾಳೆಯೆಣ್ಣೆ ಕಲಸಿ ಒಂದೇ ತಟ್ಟೆಯಲ್ಲಿ ಎರಡು ಗುಡ್ಡೆ ಇಡುತ್ತಿದ್ದಳು. ಪದ್ಧತಿಯಂತೆ ಮೇಲೆ ಮೊಟ್ಟೆ ಇರಬೇಕು. ವ್ಯಾಸರಾಜನ ಮಡಿಗೆ ಹೆದರಿ ಬಿಟ್ಟಿದ್ದಳು. ಇಂದು ತನ್ನ ಗುಡ್ಡೆ ತಿನ್ನುವಳು. ಬಿಂದುವಿನ ಗುಡ್ಡೆಯನ್ನು ಡೇಡೇ ಫಾಯಿಲಿನಲ್ಲಿ ಸುತ್ತಿ ಶೈಲಜಾಳ ಕೈಗಿಡುವಳು. ಮೊದಲ ವರ್ಷ ಶೈಲಜಾ ಅದನ್ನು ಕಸದ ಬುಟ್ಟಿಗೆ ಹಾಕಿದಳು. ಎರಡನೆಯ ವರ್ಷ ಸಿಂಕಿನ ಮುಂದೆ ನಿಂತು ತಾನೇ ತಿಂದಳು. ಮೂರನೆಯ ವರ್ಷ ತಿನ್ನುತ್ತ, ಬಿಂದುವಿಗೀಗ ಯಾವ ಅಳತೆಯ ಚಪ್ಪಲಿ ಬೇಕಾಗಬಹುದು ಎಂದು ಲೆಕ್ಕ ಹಾಕುತ್ತಿದ್ದಳು. ಸುಳ್ಳು ಅವಳಿಗೂ ರುಚಿ ಹತ್ತಿತ್ತು.

ಇಂದುವಿಗಂತೂ ಅದು ಸುಳ್ಳೇ ಅಲ್ಲ. ಅವಳ ಚಿತ್ರಗಳಲ್ಲೆಲ್ಲ ಇಬ್ಬರು ಹುಡುಗಿಯರು, ಒಬ್ಬಳ ಪಕ್ಕದಲ್ಲಿ ಅಜ್ಜಿ.

ಎಂಬತ್ತಾರರ ಜೂನಿನಲ್ಲಿ ಮೈಸೂರಿನಿಂದ ಫೋನು ಬಂತು. ಅಮ್ಮ ಹೋಗಿಬಿಟ್ಟಿದ್ದಳು. ಶೈಲಜಾ ನೆಲದ ಮೇಲೆ ಕುಸಿದು ಅಳುತ್ತಿದ್ದಾಗ ಇಂದು ಬಂದು ಬೆನ್ನು ಸವರಿದಳು. ಸ್ವಲ್ಪ ಹೊತ್ತಿನ ಮೇಲೆ ಮೆಲ್ಲಗೆ ಕೇಳಿದಳು: "ಅಜ್ಜಿ ಇಲ್ಲ, ಸೋ ಬಿಂದು ಈಸ್ ಕಮಿಂಗ್ ಹೋಮ್, ರೈಟ್?"

ಶೈಲಜಾಳ ಅಳು ಅಲ್ಲಿಗೇ ನಿಂತಿತು. ಮತ್ತೆ ಬರಲಿಲ್ಲ.

ಅಂದಿನಿಂದ ಇಂದು ಹಾಸಿಗೆಯ ಒಂದು ಬದಿಯಲ್ಲಿ ಮಾತ್ರ ಮಲಗತೊಡಗಿದಳು. "ಬೋರ್ಡಿಂಗ್ ಸ್ಕೂಲಿಗೆ ಹಾಕಿದೀವಿ ಅಂತ ಹೇಳು," ಎಂದ ವ್ಯಾಸರಾಜ, ಟೈ ಕಟ್ಟಿಕೊಳ್ಳುತ್ತ. "ಆಮೇಲೆ ನೋಡ್ಕೊಳೋಣ."

"ಆಮೇಲೆ ಅಂದ್ರೆ ಯಾವಾಗ ರೀ?"

"ನಂಗೆ ಮೀಟಿಂಗ್ ಇದೆ, ಶೈಲೂ." ಅವನು ಐದು ವರ್ಷದಿಂದ ಬಿಂದುವಿನ ಹೆಸರನ್ನೇ ಎತ್ತಿರಲಿಲ್ಲ.

ಆ ಆಗಸ್ಟಿನ ಶುಕ್ರವಾರ ಡೇಡೇ ಎರಡು ಬಿಳಿ ಫ್ರಾಕು ಹೊಲಿದಿಟ್ಟಿದ್ದಳು. ಒಂದನ್ನು ಇಂದುವಿಗೆ ತೊಡಿಸಿದಳು, ಇನ್ನೊಂದನ್ನು ಪಕ್ಕದ ಕುರ್ಚಿಯ ಮೇಲೆ ಹರಡಿದಳು. "ಅಜ್ಜಿ ಇಲ್ಲದ ಮನೆಯಲ್ಲಿ ಮಗುವನ್ನು ಬಿಡಬೇಡ, ಕರೆಸಿಕೊ," ಎಂದಳು ತನ್ನ ದಪ್ಪ ದನಿಯ ಇಂಗ್ಲಿಷಿನಲ್ಲಿ. "ಭಾನುವಾರ ಬೆಳಿಗ್ಗೆ ಬಾ. ನೀನು ತಾಯಿಗೆ ಸರಿಯಾಗಿ ಅತ್ತಿಲ್ಲ. ನಿನಗೆ ಬರದಿದ್ದರೆ ನಾವು ಅಳುತ್ತೇವೆ."

ಶನಿವಾರ ಇಂದು ಹಟ ಹಿಡಿದು ಡೇಡೇಯ ಮನೆಯಲ್ಲೇ ಮಲಗಿದಳು. ಭಾನುವಾರ ಬೆಳಕು ಹರಿಯುವ ಮುಂಚೆ ಶೈಲಜಾ ಹೋದಾಗ ಓಕ್‌ಲ್ಯಾಂಡಿನಿಂದ ಬಂದ ನಾಲ್ವರು ಹೆಂಗಸರು ಕೋಣೆಯಲ್ಲಿ ಕೂತಿದ್ದರು. ಯಾರಾದರೂ ಪೊಲೀಸರಿಗೆ ಫೋನು ಮಾಡಿಯಾರೆಂದು ಕಿಟಕಿಗಳನ್ನೆಲ್ಲ ಮುಚ್ಚಿದ್ದರು. ಒಬ್ಬೊಬ್ಬರೂ ಒಂದು ಹೆಸರು ಹೇಳಿದರು, ಎಲ್ಲರೂ ಸೇರಿ ಅತ್ತರು. ಹೊಟ್ಟೆಯೊಳಗಿಂದ ಎದ್ದು ಬರುವ ಅಳು. ಶೈಲಜಾಳ ಸರದಿ ಬಂತು. "ರುಕ್ಮಿಣಮ್ಮ," ಎಂದಳು. ನೋಡದ ತಾಯಿಗಾಗಿ ಆ ಹೆಂಗಸರು ಎದೆ ಬಡಿದುಕೊಂಡು ಅತ್ತರು. ಅವಳ ಕಣ್ಣು ಮಾತ್ರ ಒಣಗಿಯೇ ಇತ್ತು.

ಅಳು ತಗ್ಗಿದಾಗ ಅವಳ ಬಾಯಿಂದ ಇನ್ನೊಂದು ಹೆಸರು ಬಂತು. "ಬಿಂದು."

ಡೇಡೇ ತಿರುಗಿ ನೋಡಿದಳು. "ಯಾವಾಗ?"

ಹೋದ ವಾರ, ಜ್ವರ ಬಂದು ಎನ್ನಬಹುದಿತ್ತು. ಆ ಸುಳ್ಳೂ ನಾಲಗೆಯ ತುದಿಯಲ್ಲೇ ಇತ್ತು. "ಐದು ವರ್ಷ ಆಯಿತು," ಎಂದಳು.

"ಹಾಗಾದರೆ ಮೂರು ವರ್ಷದಿಂದ," ಎಂದಳು ಡೇಡೇ, "ಬದುಕಿರುವವರ ಊಟವನ್ನು ನಾನು ಹೋದ ಮಗುವಿಗೆ ಇಟ್ಟೆನಾ? ಹೋದವರಿಗೂ ನಮ್ಮಲ್ಲಿ ಒಂದು ರೀತಿ ಇದೆಯಲ್ಲ, ಶೈಲಜಾ. ಹೇಳಿದ್ದರೆ ಮಾಡುತ್ತಿದ್ದೆ." ಅವಳ ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಶೈಲಜಾಳಿಗೆ ಇಷ್ಟು ನೋಯುತ್ತಿರಲಿಲ್ಲ.

ಆಗ ಕಂಡದ್ದು, ಒಳಬಾಗಿಲಲ್ಲಿ ಇಂದು. ಬಿಳಿ ಫ್ರಾಕು ತೊಟ್ಟೇ ಮಲಗಿದ್ದಳು. ಇನ್ನೊಂದು ಫ್ರಾಕು ತೋಳಿನ ಮೇಲಿತ್ತು.

"ಯೂ ಸೆಡ್ ಮೈಸೂರ್," ಎಂದಳು. "ಅಮ್ಮಾ, ಯೂ ಸೆಡ್."

"ಇಲ್ಲ ಪುಟ್ಟಿ. ಅವಳು ಇಲ್ಲ. ನೀವಿಬ್ರೂ ಇಷ್ಟೇ ಇದ್ರಿ, ಆವಾಗ್ಲೇ..." ಶೈಲಜಾ ಕೈಯಲ್ಲಿ ಅಳತೆ ತೋರಿಸಿದಳು.

ಮಗು ಆ ಅಳತೆಯನ್ನು ನೋಡುತ್ತ ನಿಂತಿತು. ಆಮೇಲೆ ಫ್ರಾಕಿನಲ್ಲಿ ಮುಖ ಹುದುಗಿಸಿ ಅಳತೊಡಗಿತು. ಆ ವರ್ಷದ ಸಾವಿಗೆ ಅಳಬೇಕು ಎಂಬುದು ಪದ್ಧತಿ. ಇಂದುವಿನ ಅಕ್ಕ ಸತ್ತದ್ದು ಆ ವರ್ಷವೇ, ಆ ಬೆಳಿಗ್ಗೆಯೇ, ಅಮ್ಮನ ಬಾಯಿಂದಲೇ. ಶೈಲಜಾ ಎದ್ದು ಮಗಳ ಬಳಿ ಹೋದಳು. ಮಗು ಅವಳ ಕೈ ತಪ್ಪಿಸಿಕೊಂಡು ಡೇಡೇಯ ಸೊಂಟ ಹಿಡಿಯಿತು. ಐವರು ಹೆಂಗಸರೂ ಇಂದುವಿನ ಸುತ್ತ ಕೂತು ಬಿಂದುವಿನ ಹೆಸರು ಹಿಡಿದು ಅತ್ತರು. ಅಳುವವರ ಹೊರಗೆ, ಕಾರ್ಪೆಟ್ಟಿನ ಮೇಲೆ, ಹೆತ್ತವಳು ಒಬ್ಬಳೇ ನಿಂತಿದ್ದಳು.

ಬಿಸಿಲು ಬಂತು. ಡೇಡೇ ಕಿಟಕಿ ತೆರೆದಳು. ಎಲ್ಲರೂ ಎದ್ದು ಒಬ್ಬರ ಕೈ ಒಬ್ಬರು ಹಿಡಿದು ಬಾಳಿ ಬದುಕು ಎಂದರು. ಇಂದುವಿಗೆ ಆ ಪದ್ಧತಿ ಗೊತ್ತಿತ್ತು. ಮೂಗು ಒರೆಸಿಕೊಂಡು, ಓಕ್‌ಲ್ಯಾಂಡಿನ ನಾಲ್ವರಿಗೂ ಕೈ ಕೊಟ್ಟಳು, ಡೇಡೇಗೂ ಕೊಟ್ಟಳು. ಕೊನೆಗೆ ಅಮ್ಮನ ಮುಂದೆ ಬಂದಳು. ಶೈಲಜಾ ಎರಡೂ ಕೈ ಚಾಚಿದಳು.

ಇಂದು ಆ ಕೈಗಳನ್ನು ನೋಡಿದಳು. ತನ್ನ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡಳು.