ಬೀಗಿತ್ತಿಯ ಹಲ್ಲುನೋವು

ನಲವತ್ತು ಸೋಯಾ ಕಾಳು. ಊಟದ ಕಡ್ಡಿಗಳಲ್ಲಿ ಒಂದೊಂದಾಗಿ ಹಿಡಿದು, ಒಂದೂ ಕೆಳಗೆ ಬೀಳದ ಹಾಗೆ, ಈ ಬಟ್ಟಲಿನಿಂದ ಆ ಬಟ್ಟಲಿಗೆ ಸಾಗಿಸಬೇಕು. ಮಗಳು ಕೆಲಸಕ್ಕೆ ಹೋದಮೇಲೆ ಮಿತಾನಿ ತೆತ್ಸುರೊ ಒಂದು ತಿಂಗಳಿಂದ ದಿನಾ ಬೆಳಿಗ್ಗೆ ಮಾಡುತ್ತಿದ್ದ ಸರ್ಕಸ್ಸು ಇದು. ಮೊದಲ ದಿನ ಮೂವತ್ತೊಂದು ಕಾಳು ಚಾಪೆಯ ಮೇಲೆ ಉರುಳಿದ್ದವು. ನಿನ್ನೆ ಇಪ್ಪತ್ತೆಂಟು. ತಿಂಗಳಿಡೀ ಬೆವರು ಸುರಿಸಿ ಸಂಪಾದಿಸಿದ್ದು ಮೂರೇ ಮೂರು ಕಾಳು!

ಕನಜಾವಾದಲ್ಲಿ ನಲವತ್ತು ವರ್ಷ ಚಿನ್ನದ ರೇಕು ಎತ್ತಿದ ಕೈ ಅದು. ಜೋರಾಗಿ ಉಸಿರು ಬಿಟ್ಟರೆ ಹಾರಿಹೋಗುವ ರೇಕನ್ನು ಬಿದಿರಿನ ಚಿಮಟದಲ್ಲಿ ಎತ್ತಿ, ಸುಕ್ಕಿಲ್ಲದೆ ಕಾಗದದ ಮೇಲೆ ಮಲಗಿಸುತ್ತಿತ್ತು. ಹೋದ ವರ್ಷ ಎಲೆ ಉದುರುವ ಕಾಲಕ್ಕೆ ಅದೇ ಬಲಗೈ ನಡುಗಲು ಶುರುವಾಯಿತು. ಕಣ್ಣು ಮಂಜಾಗಿದೆ ಎಂದು ಎಲ್ಲರಿಗೂ ಹೇಳಿ ಕೆಲಸ ಬಿಟ್ಟ. ಊರಿನ ಡಾಕ್ಟರು ಬೇಡವೆಂದು ರೈಲು ಹತ್ತಿ ತೊಯಾಮಾಕ್ಕೆ ಹೋಗಿ ತೋರಿಸಿಕೊಂಡ. ನರದ ಕಾಯಿಲೆ, ಮಾತ್ರೆಯಲ್ಲಿ ಸ್ವಲ್ಪ ಹಿಡಿತಕ್ಕೆ ಬರುತ್ತದೆ, ಪೂರ್ತಿ ವಾಸಿಯಾಗುವುದಿಲ್ಲ ಎಂದರು ಅಲ್ಲಿಯವರು. ಮಾತ್ರೆಗಳನ್ನು ತಂದು ಹಳೆಯ ಟೀ ಡಬ್ಬಿಯಲ್ಲಿ ಬಚ್ಚಿಟ್ಟ. ಮಗಳು ಚಿನಾತ್ಸುವಿಗೆ ಗೊತ್ತಾಗಕೂಡದು, ಅಷ್ಟೇ.

ಗೊತ್ತಾದರೆ ಅವಳು ಮದುವೆಯೇ ಬೇಡ ಎನ್ನುತ್ತಾಳೆ. ಅದರಲ್ಲಿ ಅನುಮಾನವೇ ಇಲ್ಲ. ಆರು ವರ್ಷದ ಹಿಂದೆ ತಾಯಿ ಹಾಸಿಗೆ ಹಿಡಿದಾಗ, ಬಂದಿದ್ದ ಒಳ್ಳೆಯ ಸಂಬಂಧವನ್ನು ಹೀಗೇ ತಳ್ಳಿಹಾಕಿ ಮೂರು ವರ್ಷ ಆರೈಕೆ ಮಾಡಿದ್ದಳು ಪುಣ್ಯಾತ್ಗಿತ್ತಿ. ಈಗ ಮೂವತ್ತೈದು ತುಂಬಿದೆ. ತಾಕುಮಾ ಎಂಬ ದನದ ಡಾಕ್ಟರು ಸಿಕ್ಕಿದ್ದಾನೆ. ಹುಡುಗ ಒಳ್ಳೆಯವನೇ, ಆದರೆ ಊರು ಒಬಿಹಿರೊ, ಸಮುದ್ರದಾಚೆಯ ಹೊಕ್ಕೈದೊ. ಹೋಗಲಿ, ಎಷ್ಟು ದೂರವಾದರೂ ಹೋಗಲಿ, ಇನ್ನೊಂದು ಸಲ ಹಾಸಿಗೆಯ ಪಕ್ಕ ಕೂತು ಅವಳ ವಯಸ್ಸು ಕಳೆಯುವುದು ಬೇಡ ಎಂಬುದೊಂದೇ ತೆತ್ಸುರೊನ ಹಟ.

ಅದಕ್ಕೇ ಇವತ್ತಿನ ಊಟ ಎಂದರೆ ಅವನಿಗೆ ಎದೆ ಢವಢವ. ಎರಡೂ ಮನೆಯವರು ಎದುರುಬದುರು ಕೂತು ಉಣ್ಣುವ ಶಾಸ್ತ್ರ. ಜಾಗ ಆರಿಸಿದ್ದು ಹುಡುಗನ ಅಪ್ಪ ಒನೊದೆರಾ. ಕಾಲೇಜು ಓದುವಾಗ ಅವನು ಇದೇ ಊರಿನಲ್ಲಿದ್ದನಂತೆ. ಅಸಾನೊ ಹೊಳೆಯ ದಂಡೆಯ ಈ ಹಳೆಯ ಊಟದ ಮನೆಗೆ ಮೇಷ್ಟ್ರು ಒಂದೇ ಒಂದು ಸಲ ಕರೆತಂದಿದ್ದರಂತೆ. ಇಲ್ಲಿಯ ತಿಳಿಸಾರಿನ ರುಚಿಯನ್ನು ಮೂವತ್ತೆಂಟು ವರ್ಷದಿಂದ ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದ್ದಾನೆ. ಸರಿ, ಅವನಿಗೆ ಸಾರಿನ ಆಸೆ, ಇವನಿಗೆ ಪ್ರಾಣಸಂಕಟ. ಒಂಬತ್ತು ಬಗೆಯ ಊಟ ಎಂದರೆ ಒಂಬತ್ತು ಸಲ ಎಲ್ಲರೆದುರು ಕೈ ಎತ್ತಬೇಕಲ್ಲ!

ಒನೊದೆರಾನಿಗಾದರೂ ತೆತ್ಸುರೊ ಹೆದರುತ್ತಿರಲಿಲ್ಲ. ಅವನದು ಬಾಯಿಬಡುಕ ಜಾತಿ, ತನ್ನ ಮಾತಿನಲ್ಲಿ ತಾನೇ ಮುಳುಗಿರುತ್ತಾನೆ. ಹೆದರಿಕೆಯಿದ್ದದ್ದು ಅವನ ಹೆಂಡತಿ ಸುಮಿಯೆಯದು. ನೆಟ್ಟಗೆ ಕೂರುವ, ಬೇಕಾದ್ದಕ್ಕಿಂತ ಒಂದು ಮಾತೂ ಹೆಚ್ಚು ಆಡದ ಹೆಂಗಸು. ನಿನ್ನೆ ಮನೆಗೆ ಬಂದಾಗ ತೆತ್ಸುರೊ ಟೀ ಮುಂದಿಟ್ಟ, ಎರಡು ಹನಿ ಚಾಪೆಯ ಮೇಲೆ ತುಳುಕಿತು. ಬಗ್ಗಿದಂತೆ ಮಾಡಿ ಮಂಡಿಯಿಂದ ಒರೆಸಿಬಿಟ್ಟ. ಆಕೆ ಕಿಟಕಿಯಾಚೆ ಪರ್ಸಿಮನ್ ಮರ ನೋಡುತ್ತಿದ್ದಳು. ಸದ್ಯ, ಬದುಕಿದೆ ಎಂದುಕೊಂಡ. ಇಂಥ ಬಿಗಿಮುಖದ ಅತ್ತೆಯ ಕೆಳಗೆ ಮಗಳು ಹೇಗೆ ಬಾಳುತ್ತಾಳೋ ಎಂದು ರಾತ್ರಿ ನಿದ್ದೆಯೂ ಬರಲಿಲ್ಲ.

ಈಗ ಹೊಳೆ ಕಾಣುವ ಕೋಣೆಯಲ್ಲಿ ಐವರೂ ಕೂತಿದ್ದರು. ಬಡಿಸುವ ಕಿನುಕೊ ಅರವತ್ತು ದಾಟಿದವಳು, ಬೂದು ಕಿಮೊನೊ ಉಟ್ಟು ಮಂಡಿಯ ಮೇಲೆ ಸದ್ದಿಲ್ಲದೆ ಸರಿದಾಡುತ್ತಿದ್ದಳು. ಮೊದಲು ಸಾಕೆ ಎಂಬ ಅಕ್ಕಿಯ ಮದ್ಯ ಬಂತು. ಹೆಣ್ಣಿನ ತಂದೆ ಗಂಡಿನ ತಂದೆಗೆ ಸುರಿಯಬೇಕು, ಅದು ಕ್ರಮ. ತೆತ್ಸುರೊ ತೊಡೆಯ ಮೇಲಿಂದ ಕೈ ಎತ್ತಲು ಧೈರ್ಯ ಕೂಡಿಸಿಕೊಳ್ಳುತ್ತಿದ್ದ.

"ಇವರಿಗೆ ಬೇಡ" ಎಂದಳು ಸುಮಿಯೆ. "ಬಿ.ಪಿ. ಇದೆ."

"ನಂಗಾ?" ಒನೊದೆರಾ ಹೆಂಡತಿಯ ಮುಖ ನೋಡಿದ. "ಯಾವಾಗ ಬಂತು?"

"ನಿಮಗೆ ಹೇಳಿದ್ರೆ ಇನ್ನೂ ಏರುತ್ತೆ ಅಂತ ಹೇಳಿರಲಿಲ್ಲ. ಸುಮ್ನಿರಿ."

ಬಂದ ಸಾಕೆ ಬಂದ ಹಾಗೇ ಒಳಗೆ ಹೋಯಿತು. ತೆತ್ಸುರೊನಿಗೆ ಹೋದ ಜೀವ ಬಂದಂತಾಯಿತು. ಒನೊದೆರಾ ಅದು ಹೋದ ಬಾಗಿಲನ್ನೇ ನೋಡುತ್ತ ಕೂತ, ಪಾಪ.

ಮೊದಲ ತಟ್ಟೆ ಎಳ್ಳಿನ ತೋಫು. ನುಣುಪಾದ ಪದಾರ್ಥ, ಗಟ್ಟಿಮುಟ್ಟಾದ ಕೈಯಿಂದಲೂ ಜಾರುತ್ತದೆ. ನೋಡಿದರೆ ಎಲ್ಲರ ತಟ್ಟೆಯಲ್ಲೂ ಪುಟ್ಟ ಮರದ ಚಮಚ! ಈ ಮನೆಯ ಪದ್ಧತಿಯಿರಬೇಕು ಎಂದುಕೊಂಡು ತೆತ್ಸುರೊ ಮೊಣಕೈ ಒತ್ತಿಹಿಡಿದು ತಿಂದು ಮುಗಿಸಿದ.

ಆಮೇಲೆ ಸಾರು. ಅರಗಿನ ಬಟ್ಟಲಿನ ಮುಚ್ಚಳ ಬಿಸಿಗೆ ಕಚ್ಚಿಕೊಂಡಿರುತ್ತದೆ, ಎರಡೂ ಕೈಯಿಂದ ಒತ್ತಿ ಬಿಡಿಸಬೇಕು. ಆ ಸಾಹಸದಲ್ಲಿ ಅರ್ಧ ಸಾರು ಮಡಿಲಿಗೆ ಬೀಳುವುದು ಖಂಡಿತ ಎಂದು ತೆತ್ಸುರೊ ಹೊಟ್ಟೆನೋವಿನ ನೆಪ ಸಿದ್ಧಮಾಡಿಕೊಂಡಿದ್ದ. ಅವನು ಬಾಯಿ ತೆರೆಯುವ ಮೊದಲೇ ಕಿನುಕೊ ಐದು ಬಟ್ಟಲಿನ ಮುಚ್ಚಳವನ್ನೂ ತಾನೇ ತೆಗೆದಳು. ಒನೊದೆರಾ ಕಣ್ಣು ಮುಚ್ಚಿ, ಮೂವತ್ತೆಂಟು ವರ್ಷದ ಆಸೆಯನ್ನೆಲ್ಲ ತುಟಿಗೆ ತಂದುಕೊಂಡು ಒಂದು ಗುಟುಕು ಕುಡಿದ.

"ಅಲ್ಲಮ್ಮಾ, ಇದೇನು ಸಾರೋ ಗಂಜಿಯೋ?"

ನಿಜವೇ. ಸಾರು ಮಂದವಾಗಿತ್ತು. ಬಟ್ಟಲು ಅಲುಗಿದರೂ ಅದು ತುಳುಕುತ್ತಿರಲಿಲ್ಲ.

"ತಿಳಿಸಾರಿಗೆ ಹೆಸರಾದ ಮನೆ ಇದು! ಇದಕ್ಕೆ ಹಿಟ್ಟು ಕಲೆಸಿದ ಮಹಾನುಭಾವ ಯಾರು?"

"ಹೇಳಿದ್ದು ನಾನು" ಎಂದಳು ಸುಮಿಯೆ. ಕೆನ್ನೆಯ ಮೇಲೆ ಕೈಯಿಟ್ಟುಕೊಂಡಳು. "ನಂಗೆ ಹಲ್ಲುನೋವು. ನನ್ನೊಬ್ಬಳಿಗೆ ಬೇರೆ ಮಾಡಿದ್ರೆ ಚೆನ್ನಾಗಿರಲ್ಲ, ಎಲ್ಲರಿಗೂ ಒಂದೇ ಥರ ಮಾಡಿ ಅಂದೆ."

"ಬೆಳಿಗ್ಗೆ ಎದ್ದಾಗ ಚೆನ್ನಾಗೇ ಇದ್ದೆಯಲ್ಲೇ!"

"ಹಲ್ಲು ನಿಮ್ಮನ್ನ ಕೇಳ್ಕೊಂಡು ನೋಯಬೇಕಾ?"

ಚಿನಾತ್ಸು ಗಾಬರಿಯಾದಳು. "ಒನೊದೆರಾ ಅವರೇ, ತುಂಬಾ ನೋವಾ? ಮಾತ್ರೆ ತರಿಸಲಾ?" ಎಂದಳು. ಅವಳು ಇನ್ನೂ ಆಕೆಯನ್ನು ಮನೆತನದ ಹೆಸರಿನಿಂದಲೇ ಕರೆಯುತ್ತಿದ್ದಳು. ಬೇಡ ಎಂದು ಸುಮಿಯೆ ತಲೆಯಾಡಿಸಿದಳು. ತೆತ್ಸುರೊನಿಗೆ ಒಳಗೊಳಗೇ ಖುಷಿ. ಬೀಗಿತ್ತಿಯ ಹಲ್ಲುನೋವು ತನ್ನ ಮಾನ ಕಾಯುತ್ತಿದೆಯಲ್ಲ, ದೇವರು ಇನ್ನೊಂದೆರಡು ಗಂಟೆ ಅದನ್ನು ಹಾಗೇ ಇಟ್ಟಿರಲಿ ಎಂದು ಬೇಡಿಕೊಂಡುಬಿಟ್ಟ. ಬೇಡಿಕೊಂಡ ಮೇಲೆ ನಾಚಿಕೆಯಾಯಿತು.

ಹಸಿ ಮೀನಿನ ಹೋಳುಗಳು ಸೋಯಾ ಸವರಿಸಿಕೊಂಡು, ಒಂದೊಂದಕ್ಕೂ ಬಿದಿರಿನ ಕಡ್ಡಿ ಚುಚ್ಚಿಸಿಕೊಂಡು ಬಂದವು. ಏಡಿಯ ಮಾಂಸ ಚಿಪ್ಪಿನಿಂದ ಬಿಡಿಸಿ, ಉಂಡೆ ಕಟ್ಟಿ ಬಂತು. ಸುಟ್ಟ ಮೀನು ಮುಳ್ಳು ಕಳೆದುಕೊಂಡು, ಒಂದೊಂದು ತುತ್ತಾಗಿ ಬಂತು. ಒಂದೊಂದು ತಟ್ಟೆಗೂ ಒನೊದೆರಾನ ಮುಖ ಸಪ್ಪಗಾಗುತ್ತ ಹೋಯಿತು. "ಬಾಲವಾಡಿ ಊಟಕ್ಕೆ ವಿಮಾನ ಹತ್ತಿ ಬಂದ ಹಾಗಾಯ್ತು" ಎಂದು ಗೊಣಗಿದ. ತಾಕುಮಾ ನಗು ತಡೆಯಲಾರದೆ ಹೊಳೆಯ ಕಡೆ ತಿರುಗಿದ. ತೆತ್ಸುರೊ ಮಾತ್ರ ಬಿದಿರಿನ ಕಡ್ಡಿಗಳನ್ನು ಹಿಡಿದು ರಾಜನ ಹಾಗೆ ಉಣ್ಣುತ್ತಿದ್ದ. ನಲವತ್ತು ಕಾಳಿನ ಅಭ್ಯಾಸ ಕೈಹಿಡಿಯಿತು ಎಂದು ತನ್ನ ಬೆನ್ನನ್ನು ತಾನೇ ತಟ್ಟಿಕೊಂಡ. ಇನ್ನೇನು, ಅನ್ನ ಬಂದರೆ ಮುಗಿಯಿತು. ಮಗಳು ಗೆದ್ದ ಹಾಗೆ.

ಅನ್ನದ ಜೊತೆ ಉಪ್ಪಿನಲ್ಲಿ ನೆನೆಸಿದ ಮೂಲಂಗಿ ಬಂತು. ಹಳದಿ ಹೋಳುಗಳು, ಹೆಬ್ಬೆರಳಿನಷ್ಟು ದಪ್ಪ, ಅವಕ್ಕೂ ಒಂದೊಂದು ಕಡ್ಡಿ. ಸುಮಿಯೆ ಮಗನಿಗೆ ಏನೋ ಹೇಳುತ್ತ, ಮೈಮರೆತು ಒಂದು ಹೋಳು ಬಾಯಿಗೆ ಹಾಕಿಕೊಂಡಳು.

ಕರುಂ.

ತೆತ್ಸುರೊ ತಲೆ ಎತ್ತಿದ. ಮತ್ತೆ ಕರುಂ, ಕರುಂ. ಕುದುರೆ ಗಜ್ಜರಿ ಕಡಿದ ಹಾಗಿತ್ತು. ನೋವಿರುವ ಹಲ್ಲಿನ ಸದ್ದಲ್ಲ ಅದು. ಇಪ್ಪತ್ತು ವರ್ಷದ ಹುಡುಗಿಯ ಬಾಯಿಗೂ ಅಂಥ ಸದ್ದು ಬರಲಾರದು.

ಅವನಿಗೆ ಒಂದೊಂದೇ ಹೊಳೆಯತೊಡಗಿತು. ಹಲ್ಲುನೋವಿಗೂ ಮುಚ್ಚಳ ತೆಗೆದುಕೊಡುವುದಕ್ಕೂ ಏನು ಸಂಬಂಧ? ಚಮಚ ಹಲ್ಲಿಗಾ ಕೈಗಾ? ಬಿದಿರಿನ ಕಡ್ಡಿ? ತುಳುಕದ ಸಾರು? ಅಡುಗೆಮನೆಗೆ ಹಲ್ಲಿನ ಸಂಗತಿ ಹೇಳಿದ್ದರೆ ಈ ಗಟ್ಟಿ ಮೂಲಂಗಿಯನ್ನು ಹೀಗೆ ಕಳಿಸುತ್ತಿದ್ದರಾ? ಬಾಗಿಲ ಬಳಿ ಕೂತ ಕಿನುಕೊ ಇವನ ಮುಖ ನೋಡಿದವಳೇ ದೃಷ್ಟಿ ಕೆಳಗಿಳಿಸಿದಳು. ಅಷ್ಟು ಸಾಕಾಯಿತು.

ನಿನ್ನೆ ಆಕೆ ಪರ್ಸಿಮನ್ ಮರ ನೋಡುತ್ತಿರಲಿಲ್ಲ. ನೋಡಬೇಕಾದ್ದನ್ನು ನೋಡಿಯೇ ಆಮೇಲೆ ಮರದ ಕಡೆ ತಿರುಗಿದ್ದಳು. ಯಾರೆದುರೂ ಬಾಯಿ ಬಿಡದೆ, ಗಂಡನ ಮೂವತ್ತೆಂಟು ವರ್ಷದ ಸಾರನ್ನೂ ಸಾಕೆಯನ್ನೂ ಕಿತ್ತುಕೊಂಡು, ತಾನು ಹಲ್ಲಿಲ್ಲದ ಮುದುಕಿ ಎನಿಸಿಕೊಂಡು, ಇವನ ಮರ್ಯಾದೆ ಉಳಿಸಿದ್ದಳು. ಇವನೋ, ಆಕೆಯನ್ನು ಬಿಗಿಮುಖದವಳು ಎಂದುಕೊಂಡಿದ್ದ. ಇಂಥ ಮನೆಗೆ ಮಗಳನ್ನು ಸುಳ್ಳು ಹೇಳಿ ಕಳಿಸಬೇಕಾ? ನಾಳೆ ಯಾರೋ ಫೋನಿನಲ್ಲಿ ಹೇಳಿ, ಅವಳು ಅಷ್ಟು ದೂರದಲ್ಲಿ ಒಬ್ಬಳೇ ಕೂತು ಅಳಬೇಕಾ?

ಕೊನೆಯ ಬಟ್ಟಲು ಬಂತು, ಮಿಸೊ ಸಾರು, ಮುಚ್ಚಳ ಸಮೇತ. ಕಿನುಕೊ ಅವನ ಮುಚ್ಚಳಕ್ಕೆ ಕೈ ಚಾಚಿದಳು.

"ಬೇಡಮ್ಮ, ಬಿಡಿ" ಎಂದ ತೆತ್ಸುರೊ. "ಚಿನಾತ್ಸು, ನೀನು ಬಾ. ಇದನ್ನೊಂಚೂರು ತೆಗೆದುಕೊಡು."

"ಯಾಕಪ್ಪಾ, ನಿಂಗೇನಾಯ್ತು?"

"ನನ್ನ ಕೈಲಾಗಲ್ಲಮ್ಮ."

ಬಲಗೈಯನ್ನು ತೊಡೆಯಿಂದ ಎತ್ತಿ ಮೇಜಿನ ಮೇಲಿಟ್ಟ. ಅದು ನಡುಗಿತು. ಕೈಗೆ ತಾಗಿದ ಊಟದ ಕಡ್ಡಿಗಳು ತಟ್ಟೆಯ ಅಂಚಿಗೆ ಟಕಟಕ ಬಡಿದವು.

"ಯಾವಾಗಿಂದ?" ಎಂದಳು ಚಿನಾತ್ಸು.

"ಒಂದು ವರ್ಷ ಆಯ್ತು."

"ಕಣ್ಣು ಅಂದೆ!"

"ಸುಳ್ಳು ಹೇಳ್ದೆ. ಹೇಳಿದ್ರೆ ನೀನು ಹೋಗ್ತಿರಲಿಲ್ಲ."

"ಈಗ್ಲೂ ಹೋಗಲ್ಲ." ಅವಳ ದನಿ ಒಡೆಯಿತು. "ತಾಕುಮಾ, ಕ್ಷಮಿಸಿ. ನಾನು ಎಲ್ಲಿಗೂ ಬರಲ್ಲ."

ತಾಕುಮಾ ತಲೆ ತಗ್ಗಿಸಿದ. ಇದೇ, ಇದಕ್ಕೇ ಹೆದರಿದ್ದ ತೆತ್ಸುರೊ. ಆದರೆ ಈಗ ಹೆದರಿಕೆ ಯಾಕೋ ಹತ್ತಿರ ಸುಳಿಯಲಿಲ್ಲ.

"ಹೋಗೋದು ಬಿಡೋದು ಆಮೇಲೆ ಹೇಳು. ಮೊದ್ಲು ನಿನ್ನ ಮುಂದೆ ಕೂತಿರೋ ಈ ಅಮ್ಮನ್ನ ನೋಡು. ಇವರ ಹಲ್ಲು ಕಲ್ಲು ಇದ್ದ ಹಾಗಿದೆ. ನಿನ್ನೆ ನನ್ನ ಕೈ ನೋಡಿ, ಇವತ್ತು ಊಟಕ್ಕೆ ಕೂತಾಗಿಂದ ನನಗೋಸ್ಕರ ಸುಳ್ಳಿನ ಮೇಲೆ ಸುಳ್ಳು ಹೇಳ್ತಿದಾರೆ. ಹೆತ್ತ ಅಪ್ಪ ನಾನು, ನಿನಗೆ ಇಷ್ಟು ಚೆನ್ನಾಗಿ ಸುಳ್ಳು ಹೇಳೋಕೆ ನನಗೆ ಬರಲಿಲ್ಲ."

ಸುಮಿಯೆಯ ಕಿವಿಯ ತನಕ ಕೆಂಪೇರಿತು.

"ಅಂದ್ರೆ ನಿಂಗೆ ಹಲ್ಲುನೋವಿಲ್ವಾ?" ಒನೊದೆರಾ ಕೇಳಿದ.

"ಇಲ್ಲ."

"ನನ್ನ ಬಿ.ಪಿ.?"

"ನಿಮಗೆಲ್ಲಿಯ ಬಿ.ಪಿ."

"ಅಯ್ಯೋ, ನನ್ನ ತಿಳಿಸಾರು!" ಎಂದು ಅವನು ಹಣೆ ಹಿಡಿದುಕೊಂಡ. ಬಾಗಿಲ ಬಳಿಯಿಂದ ಕಿನುಕೊ, "ಮದುವೆ ಆದಮೇಲೆ ಬನ್ನಿ ಸ್ವಾಮಿ, ಎರಡು ಬಟ್ಟಲು ಕೊಡ್ತೀವಿ" ಎಂದಳು.

ಸುಮಿಯೆ ನಿಧಾನವಾಗಿ ಮಾತಾಡಿದಳು. "ನಮ್ಮಪ್ಪನಿಗೂ ಹೀಗೇ ಇತ್ತು. ನನ್ನ ಮದುವೆ ದಿನ ಎಲ್ಲರೆದುರು ಬಟ್ಟಲು ಬೀಳಿಸಿಕೊಂಡ್ರು. ಜನ ನಕ್ಕರು. ಆಮೇಲೆ ಸಾಯೋತನಕ ಯಾರ ಮನೆಯ ಊಟಕ್ಕೂ ಹೋಗಲಿಲ್ಲ, ನಮ್ಮನೆಗೂ ಬರಲಿಲ್ಲ." ತೆತ್ಸುರೊನ ಕಡೆ ತಿರುಗಿದಳು. "ಹೇಳೋದು ಬಿಡೋದು ನಿಮಗೆ ಸೇರಿದ್ದು, ಅದಕ್ಕೆ ನಾನು ಬಾಯಿ ಬಿಡಲಿಲ್ಲ. ಒಬಿಹಿರೊದಲ್ಲಿ ನಮ್ಮ ಮನೆ ಹಿಂದೆ ಒಂದು ಕೋಣೆ ಖಾಲಿ ಇದೆ. ಬಿಸಿಲು ಚೆನ್ನಾಗಿ ಬೀಳುತ್ತೆ."

"ಅಲ್ಲಿ ಚಳಿ ಅಂತಾರಲ್ಲ" ಎಂದ ತೆತ್ಸುರೊ.

"ಒಳ್ಳೇದೇ ಆಯ್ತು ಬೀಗರೇ!" ಎಂದ ಒನೊದೆರಾ. "ಆ ಚಳಿಗೆ ಎಲ್ಲರ ಕೈಯೂ ನಡುಗುತ್ತೆ, ನಿಮ್ಮದ್ಯಾವುದು ನಮ್ಮದ್ಯಾವುದು ಯಾರಿಗೂ ಗೊತ್ತಾಗಲ್ಲ."

ಮೊದಲು ನಕ್ಕವನು ತೆತ್ಸುರೊ. ನಗುತ್ತಲೇ ಕಣ್ಣೊರೆಸಿಕೊಂಡು ಮಗಳ ಕಡೆ ತಿರುಗಿದ. "ನಿನ್ನನ್ನ ಇಲ್ಲೇ ಹಿಡಿದಿಟ್ಟುಕೊಂಡ್ರೆ ಈ ಕೈ ನಡುಗೋದು ನಿಲ್ಲುತ್ತೇನಮ್ಮ?"

ಚಿನಾತ್ಸು ಅಪ್ಪನ ಪಕ್ಕಕ್ಕೆ ಬಂದು ಕೂತಳು. ಬಟ್ಟಲನ್ನು ಎರಡೂ ಕಡೆಯಿಂದ ಒತ್ತಿ ಮುಚ್ಚಳ ತೆಗೆದಳು. ಹಬೆ ಎದ್ದಿತು. ತೆತ್ಸುರೊ ಎರಡೂ ಕೈಯಲ್ಲಿ ಬಟ್ಟಲೆತ್ತಿ ಕುಡಿದ. ಎರಡು ಹನಿ ತುಳುಕಿ ಚಾಪೆಯ ಮೇಲೆ ಬಿದ್ದವು. ಈ ಸಲ ಅವನು ಮಂಡಿ ಸರಿಸಲಿಲ್ಲ. ಚಿನಾತ್ಸು ತನ್ನ ಕರವಸ್ತ್ರದಲ್ಲಿ ಒರೆಸಿದಳು. ಒರೆಸಿ, ಅದೇ ಕರವಸ್ತ್ರದಿಂದ ಮೂಗು ಒರೆಸಿಕೊಂಡು, ಮೂಲಂಗಿಯ ತಟ್ಟೆಯನ್ನು ಎದುರಿಗೆ ತಳ್ಳಿದಳು.

"ಅತ್ತೆ, ಇನ್ನೆರಡು ಹೋಳು ತಗೊಳ್ಳಿ."

ಸುಮಿಯೆ ಒಂದು ಗಳಿಗೆ ಅವಳನ್ನೇ ನೋಡಿದಳು. ಆಮೇಲೆ ಎರಡು ಹೋಳನ್ನೂ ಒಟ್ಟಿಗೇ ಬಾಯಿಗೆ ಹಾಕಿಕೊಂಡು, ಅಡುಗೆಮನೆಯ ತನಕ ಕೇಳುವ ಹಾಗೆ ಕರುಂ ಕರುಂ ಎಂದು ಅಗಿದಳು.